ವಿಶ್ರಾಂತಿ ಕೇಳಿದ್ದು ಪೈಲಟ್‌ಗಳ ತಪ್ಪೇ?

2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ಸಾವಿರಾರು ವಿಮಾನಗಳನ್ನು ರದ್ದುಪಡಿಸಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರು ಸಿಟ್ಟಾದದ್ದು ಸಹಜ. ಆದರೆ ಹೊಸ ನಿಯಮದಿಂದಲೇ ಪೈಲಟ್‌ಗಳು ಸಾಲದಾದರೆಂದು ಹೇಳಿ ಆ ಸಿಟ್ಟನ್ನು ಪೈಲಟ್‌ಗಳ ವಿಶ್ರಾಂತಿ ನಿಯಮದ ಕಡೆ ತಿರುಗಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಆ ನಿಯಮವೇನೂ ರಾತ್ರೋರಾತ್ರಿ ಬಂದದ್ದಲ್ಲ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಅದನ್ನು ಪ್ರಕಟಿಸಿದ್ದು 2024ರ ಜನವರಿಯಲ್ಲಿ. ವಾರದ ವಿಶ್ರಾಂತಿ 36ರ ಬದಲು 48 ಗಂಟೆ. ರಾತ್ರಿ ಪಾಳಿಯಲ್ಲಿ ಆರರ ಬದಲು ಎರಡೇ ಲ್ಯಾಂಡಿಂಗ್. ಅದೇ ವರ್ಷದ ಜೂನ್‌ನಲ್ಲಿ ಜಾರಿಯಾಗಬೇಕಿತ್ತು, ಕಂಪನಿಗಳು ತಕರಾರು ತೆಗೆದವು, ಮುಂದಕ್ಕೆ ಹೋಯಿತು. ಪೈಲಟ್ ಸಂಘಟನೆಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ್ದವು. ಕೊನೆಗೆ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಕಂತುಗಳಲ್ಲಿ ಜಾರಿಯಾಯಿತು. ದೇಶದೊಳಗಿನ ಪ್ರಯಾಣಿಕರಲ್ಲಿ ಶೇ 60ಕ್ಕೂ ಹೆಚ್ಚು ಮಂದಿಯನ್ನು ಒಯ್ಯುವ ಕಂಪನಿಗೆ ಸಾಕಷ್ಟು ಪೈಲಟ್‌ಗಳನ್ನು ಸಜ್ಜುಗೊಳಿಸಲು ಸುಮಾರು ಎರಡು ವರ್ಷ ಸಾಲಲಿಲ್ಲವೇ?

ಸರ್ಕಾರ ಮಾಡಿದ್ದೇನು? ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಲೆಕ್ಕ ಹಿಡಿಯಬಾರದೆಂಬ ಷರತ್ತನ್ನು ಡಿಸೆಂಬರ್ 5ರಂದು ಹಿಂಪಡೆಯಿತು. ರಾತ್ರಿ ಪಾಳಿಯ ನಿಯಮದಿಂದ ಇಂಡಿಗೊಗೆ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಸಿದ್ಧತೆ ಮಾಡಿಕೊಳ್ಳದವರಿಗೆ ರಿಯಾಯಿತಿ, ಅದಕ್ಕೆ ತೆರುವ ಬೆಲೆ ಮಾತ್ರ ಪೈಲಟ್‌ಗಳ ನಿದ್ದೆ.

ಆ ನಿದ್ದೆಯ ಬೆಲೆ ಏನೆಂದು ಮಂಗಳೂರಿಗೆ ಗೊತ್ತು. 2010ರ ಮೇ 22ರಂದು ಬಜ್ಪೆಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಕಮರಿಗೆ ಬಿದ್ದು 158 ಮಂದಿ ಸತ್ತರು. ದುಬೈಯಿಂದ ಬರುವ ಹಾದಿಯಲ್ಲಿ ಕ್ಯಾಪ್ಟನ್ ಒಂದೂವರೆ ತಾಸಿಗೂ ಹೆಚ್ಚು ಹೊತ್ತು ಮಲಗಿದ್ದರು, ಎದ್ದ ಮೇಲೂ ಮಂಪರು ಬಿಟ್ಟಿರಲಿಕ್ಕಿಲ್ಲ ಎಂದು ತನಿಖಾ ವರದಿ ಹೇಳಿತು.

‘ಲಕ್ಷಗಟ್ಟಲೆ ಸಂಬಳ ಎಣಿಸುವವರಿಗೆ ಇನ್ನೇನು ಕಷ್ಟ’ ಎನ್ನುವವರಿದ್ದಾರೆ. ಸಂಬಳ ಎಷ್ಟೇ ಇರಲಿ, ನಿದ್ದೆಗೆಟ್ಟ ಕಣ್ಣಿಗೆ ರನ್‌ವೇ ಸ್ಪಷ್ಟವಾಗಿ ಕಾಣುವುದಿಲ್ಲ. ಬೇಸತ್ತು ಬೇರೆ ಕಂಪನಿಗೆ ಹೋಗೋಣವೆಂದರೆ 2017ರ ನಿಯಮದಂತೆ ಕಮಾಂಡರ್‌ಗೆ ಒಂದು ವರ್ಷ, ಸಹಪೈಲಟ್‌ಗೆ ಆರು ತಿಂಗಳ ನೋಟಿಸ್ ಅವಧಿ. ದುಡಿಸಿಕೊಳ್ಳುವಾಗ ಗಡಿಯಿಲ್ಲ, ಬಿಟ್ಟುಹೋಗುವಾಗ ಬೇಲಿ.

ವಿಶ್ರಾಂತಿ ನಿಯಮದಲ್ಲಿ ವಿನಾಯಿತಿ ಇನ್ನು ಸಾಕು. ಪೈಲಟ್ ಇಲ್ಲದ ವಿಮಾನಕ್ಕೆ ಟಿಕೆಟ್ ಮಾರಿದವರನ್ನೇ ಹೊಣೆ ಮಾಡಬೇಕು. ದಣಿದಿದ್ದೇನೆ ಎಂದ ಪೈಲಟ್‌ಗೆ ನೋಟಿಸ್ ಕೊಡುವ ಧೈರ್ಯ ಯಾವ ಕಂಪನಿಗೂ ಬರಬಾರದು. ಮುಂದಿನ ಸಲ ವಿಮಾನ ತಡವಾದಾಗ ಕೌಂಟರ್‌ನಲ್ಲಿ ಜಗಳವಾಡಿ, ತಪ್ಪಿಲ್ಲ. ಆದರೆ ಪೈಲಟ್ ಮೇಲಲ್ಲ, ರೋಸ್ಟರ್ ಬರೆದವರ ಮೇಲೆ.