ಗೇಟಿನ ಹಲಗೆ ಹೇಳದ ಲೆಕ್ಕ

ದೊಡ್ಡ ಕಾರ್ಖಾನೆಗಳ ಗೇಟಿನಲ್ಲಿ ಒಂದು ಹಲಗೆ ತೂಗುತ್ತಿರುತ್ತದೆ: “ಅಪಘಾತವಿಲ್ಲದೆ ಕಳೆದ ದಿನಗಳು.” ಅಂಕಿ ದಿನಕ್ಕೊಂದರಂತೆ ಏರುತ್ತದೆ. ನೋಡಿದವರಿಗೆ, ಇಲ್ಲಿ ದುಡಿಯುವವನ ಮೈಗೆ ಮುಳ್ಳೂ ತಾಗದೆಂಬ ಭರವಸೆ. ಆದರೆ ಆ ಹಲಗೆ ಬಲ್ಲದ್ದು ನಿನ್ನೆಯ ಮಾತು. ನಾಳೆ ಯಾರ ಕೈ ಹೋಗಲಿದೆ, ಯಾವ ಬಾಯ್ಲರು ಸಿಡಿಯಲಿದೆ ಎಂಬುದು ಅದಕ್ಕೆ ತಿಳಿಯದು.

ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಮೂಟೆ ಖಾಲಿಯಾದ ಮೇಲೆ ಇಲಿಯನ್ನು ಹುಡುಕುವ ವರ್ತಕ ಎಷ್ಟು ದಿನ ವ್ಯಾಪಾರ ಮಾಡಿಯಾನು? ಗೋದಾಮಿನ ಮೂಲೆಯಲ್ಲಿ ಹಿಕ್ಕೆ ಕಂಡ ದಿನವೇ ಅವನು ಬಿಲ ಮುಚ್ಚುತ್ತಾನೆ. ಮಾಲಿನ ಬಗ್ಗೆ ಇರುವ ಈ ಎಚ್ಚರ ಮನುಷ್ಯನ ಮೈ ಮಾತು ಬಂದಾಗ ಎಲ್ಲಿಗೆ ಹೋಗುತ್ತದೆ?

ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ಆದದ್ದನ್ನು ಕೇಳಿ. ಅಲ್ಲಿ ಬಿ.ಪಿ. ಕಂಪನಿಯ ಭಾರಿ ತೈಲ ಶುದ್ಧೀಕರಣ ಕಾರ್ಖಾನೆಯಿತ್ತು. 2005ರ ಮಾರ್ಚ್ 23ರಂದು, ದುರಸ್ತಿಗೆಂದು ನಿಲ್ಲಿಸಿದ್ದ ಘಟಕವೊಂದನ್ನು ಮತ್ತೆ ಚಾಲೂ ಮಾಡುವಾಗ ಗೋಪುರದಲ್ಲಿ ತೈಲ ಮಿತಿಮೀರಿ ತುಂಬಿತು. ಮಟ್ಟದ ಮಾಪಕ ತಪ್ಪು ತೋರಿಸಿತು, ಎಚ್ಚರಿಕೆಯ ಗಂಟೆ ಬಾರಿಸಲಿಲ್ಲ. ಉಕ್ಕಿದ ತೈಲ ಹಳೆಯ ಮಾದರಿಯ ಚಿಮಣಿಯಿಂದ ಕಾರಂಜಿಯಂತೆ ಚಿಮ್ಮಿ, ಆವಿಯಾಗಿ ಹೊತ್ತಿಕೊಂಡಿತು. 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. ಸತ್ತ 15 ಮಂದಿಯೂ ಗುತ್ತಿಗೆ ಕೆಲಸದವರು. ಹತ್ತಿರದಲ್ಲೇ ಟ್ರೇಲರುಗಳನ್ನು ನಿಲ್ಲಿಸಿ ಅವರಿಗೆ ಜಾಗ ಮಾಡಿಕೊಡಲಾಗಿತ್ತು. ಘಟಕ ಚಾಲೂ ಆಗುತ್ತಿದೆಯೆಂದು ಒಂದು ಮಾತೂ ಅವರಿಗೆ ಹೇಳಿರಲಿಲ್ಲ.

ಕಂಪನಿಯ ಪುಸ್ತಕದಲ್ಲಿ ಆಗ ಏನಿತ್ತು? ಕಾಲು ಜಾರಿದ್ದು, ಕೈ ಕುಯ್ದದ್ದು ಇಂಥ ಗಾಯಗಳ ಪ್ರಮಾಣ ಕಡಿಮೆಯಿತ್ತು. ಅದನ್ನೇ ಸುರಕ್ಷತೆಯೆಂದು ಆಡಳಿತ ವರ್ಗ ನಂಬಿತ್ತು. 2007ರಲ್ಲಿ ಹೊರಬಂದ ಸರ್ಕಾರಿ ತನಿಖೆಯ ವರದಿ ಬೇರೆಯೇ ಪುಸ್ತಕವನ್ನು ತೆರೆಯಿತು. ಅದೇ ಚಿಮಣಿಯಿಂದ 1994ರಿಂದ 2004ರೊಳಗೆ ಕನಿಷ್ಠ ಎಂಟು ಸಲ ಉರಿಯುವ ಆವಿ ಹೊರಬಿದ್ದಿತ್ತು. ಮಾಪಕ ಕೆಟ್ಟಿದೆಯೆಂದು ಮೊದಲೇ ವರದಿಯಾಗಿದ್ದರೂ ರಿಪೇರಿ ಆಗಿರಲಿಲ್ಲ. ಕೆಲಸಗಾರರು ದಿನಕ್ಕೆ 12 ಗಂಟೆಯ ಪಾಳಿಯನ್ನು ಒಂದು ದಿನವೂ ಬಿಡುವಿಲ್ಲದೆ 29 ದಿನ, ಅದಕ್ಕೂ ಹೆಚ್ಚು, ದುಡಿದಿದ್ದರು. ಎಂಟು ಸೋರಿಕೆ, ಕೆಟ್ಟ ಮಾಪಕ, 29 ದಿನ: ಇವು ಗೋದಾಮಿನ ಹಿಕ್ಕೆಗಳು. ಯಾರೂ ಎಣಿಸಲಿಲ್ಲ.

ಅಷ್ಟು ದೂರವೇಕೆ, ನಮ್ಮ ಭೋಪಾಲವೇ ಇದೆಯಲ್ಲ! 1981ರ ಡಿಸೆಂಬರಿನಲ್ಲಿ ಯೂನಿಯನ್ ಕಾರ್ಬೈಡಿನ ವಿಷಾನಿಲಕ್ಕೆ ಒಬ್ಬ ಕಾರ್ಮಿಕ ಬಲಿಯಾದ. 1982ರಲ್ಲಿ ಅಮೆರಿಕದಿಂದಲೇ ಬಂದ ಕಂಪನಿಯ ತಜ್ಞರು ದೋಷಗಳನ್ನು ಬರೆದುಕೊಂಡು ಹೋದರು. 1984ರ ಡಿಸೆಂಬರ್ 2ರ ರಾತ್ರಿ ನೋಡಿದರೆ ತಣ್ಣಗಿಡುವ ಯಂತ್ರ ತಿಂಗಳುಗಳಿಂದ ಬಂದ್, ಅನಿಲವನ್ನು ಸುಡುವ ಗೋಪುರದ ಕೊಳವೆ ಬಿಚ್ಚಿಟ್ಟದ್ದು. ಬೆಳಗಾಗುವುದರೊಳಗೆ ಸಾವಿರಾರು ಹೆಣ.

ಈ ಮುಂಚಿನ ಲೆಕ್ಕವನ್ನು ಪಂಡಿತರು ‘ಮುನ್ಸೂಚಕ’ ಎನ್ನುತ್ತಾರೆ. 1931ರಲ್ಲೇ ಹೈನ್ರಿಕ್ ಎಂಬ ಅಮೆರಿಕದ ವಿಮಾ ಕಂಪನಿಯ ಅಧಿಕಾರಿ, ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯ, ಗಾಯವಾಗದೆ ತಪ್ಪಿದ 300 ಪ್ರಸಂಗಗಳು ಇರುತ್ತವೆಂದು ಬರೆದ. ಅಂಕಿಗಳ ಬಗ್ಗೆ ವಾದವಿದೆ, ಇರಲಿ. ಅದೇ ಪುಣ್ಯಾತ್ಮ ನೂರರಲ್ಲಿ 88 ಅಪಘಾತಗಳನ್ನು ಕೆಲಸಗಾರನ ತಲೆಗೇ ಕಟ್ಟಿದ್ದಾನೆ. ಮಾಲೀಕರಿಗೆ ಬಾಯಿಪಾಠವಾಗಿರುವುದು ಈ 88 ಮಾತ್ರ!

ನಮ್ಮ ಹತ್ತಿ ಗಿರಣಿಯಲ್ಲಿ ಎಣಿಸಬೇಕಾದದ್ದು ಏನು? ಬ್ಲೋ ರೂಮಿನಲ್ಲಿ ಹತ್ತಿಯೊಡನೆ ಬಂದ ಕಬ್ಬಿಣದ ಚೂರು ಕಿಡಿ ಕಾರುತ್ತದೆ. ಅಯಸ್ಕಾಂತಕ್ಕೆ ಈ ವಾರ ಎಷ್ಟು ಚೂರು ಸಿಕ್ಕವು? ಹೊತ್ತಿಕೊಂಡು ತಟ್ಟನೆ ಆರಿಸಿದ ಬೆಂಕಿ ಎಷ್ಟು? ಮಗ್ಗದಿಂದ ಲಾಳಿ ಹಾರಿ ಯಾರಿಗೂ ಬಡಿಯದೆ ಗೋಡೆಗೆ ಹೊಡೆದದ್ದು ಎಷ್ಟು ಸಲ? ಲಾಳಿಗೆ ಕಣ್ಣಿಲ್ಲ, ಇಂದು ಗೋಡೆ, ನಾಳೆ ಮುಖ. ಕಾರ್ಡಿಂಗ್ ಯಂತ್ರದ ಮುಚ್ಚಳ ತೆಗೆದೇ ಓಡಿಸುತ್ತಿರುವುದು ಎಷ್ಟು ದಿನದಿಂದ? ಬರೆಸಿದ ರಿಪೇರಿಗಳಲ್ಲಿ ಹದಿನೈದು ದಿನ ದಾಟಿಯೂ ಆಗದಿರುವುದು ಎಷ್ಟು? ಎರಡು ಪಾಳಿ ಸೇರಿಸಿ ದುಡಿದವರು ಎಷ್ಟು ಮಂದಿ? ಇದಕ್ಕೆ ವಿಲಾಯಿತಿ ಯಂತ್ರವೇನೂ ಬೇಡ, ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಸಾಕು.

ಆದರೆ ಪೆನ್ಸಿಲು ಯಾರ ಕೈಯಲ್ಲಿರಬೇಕು? ಅಪಘಾತವಿಲ್ಲದ ತಿಂಗಳಿಗೆ ಇನಾಮು ಎನ್ನುವ ಕಡೆ ಬೆರಳು ಜಜ್ಜಿಸಿಕೊಂಡವನು ಬಟ್ಟೆ ಸುತ್ತಿಕೊಂಡು ಸುಮ್ಮನಾಗುತ್ತಾನೆ. ಬಾಯಿ ಬಿಟ್ಟರೆ ಇಡೀ ಪಾಳಿಯ ಇನಾಮು ಹೋಗುತ್ತದೆ. ಹಲಗೆಯ ಅಂಕಿ ಏರುತ್ತದೆ, ಬೆರಳು ಕೊಳೆಯುತ್ತದೆ. ಗುತ್ತಿಗೆಯವನಂತೂ ಮಾರನೆಯ ದಿನ ಗೇಟಿನ ಹೊರಗೆ. ಭೋಪಾಲದ ನಂತರ, 1987ರಲ್ಲಿ, ಫ್ಯಾಕ್ಟರಿ ಕಾಯಿದೆಯನ್ನು ತಿದ್ದಿ, ಅಪಾಯಕಾರಿ ಕಾರ್ಖಾನೆಗಳಲ್ಲಿ ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಇರಬೇಕೆಂದು ಬರೆಯಲಾಯಿತು. 2020ರ ಸಂಹಿತೆಯಲ್ಲೂ ಸಮಿತಿಯ ಮಾತಿದೆ. ಸಭೆಯಲ್ಲಿ ಚಹಾ ಕುಡಿದು ಸಹಿ ಹಾಕಿ ಬರುವ ಸಮಿತಿಯಿಂದ ಏನಾದೀತು?

ಮುಂದಿನ ಬೋನಸ್ ಮಾತುಕತೆಗೆ ಹೋಗುವ ಯೂನಿಯನ್ನಿನವರು ಎರಡು ಬೇಡಿಕೆ ಸೇರಿಸಲಿ. ಗಾಯ ಮುಚ್ಚಿಟ್ಟದ್ದಕ್ಕೆ ಸಿಗುವ ಇನಾಮನ್ನು ಅಪಾಯ ತೋರಿಸಿಕೊಟ್ಟವನಿಗೆ, ಅವನು ಗುತ್ತಿಗೆಯವನೇ ಆಗಿರಲಿ, ಕೊಡಬೇಕು. ಮತ್ತು ಬಾಕಿ ಬಿದ್ದ ರಿಪೇರಿಗಳ ಪಟ್ಟಿಯನ್ನು, ಬರೆಸಿದ ತಾರೀಖಿನೊಡನೆ, ಗೇಟಿನಲ್ಲಿ ಆ ಹಲಗೆಯ ಪಕ್ಕದಲ್ಲೇ ಅಂಟಿಸಬೇಕು.