ಡಿಸ್ಕ್ ಓದದಿದ್ದರೆ ಯಂತ್ರ ಸತ್ತಿತೆಂದಲ್ಲ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಬೇಸಿಗೆಯೆಂದರೆ ಧೂಳಿನ ಕಾಲ. ಬಿರುಕುಬಿಟ್ಟ ಎರೆಹೊಲದ ಕರಿಧೂಳು, ಮಸಾರಿ ಭೂಮಿಯ ಕೆಂಧೂಳು, ಕಲ್ಲುಗಣಿಗಳ ಬಿಳಿಧೂಳು ಕಿಟಕಿ ಮುಚ್ಚಿದರೂ ಒಳನುಗ್ಗುತ್ತವೆ. ಶಾಲೆಯ ಗಣಕಯಂತ್ರದ ಕೊಠಡಿಯೂ ಇದಕ್ಕೆ ಹೊರತಲ್ಲ. ಅಂಥ ಕೊಠಡಿಯ ಮೂಲೆ ಸೇರಿದ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿ ಮತ್ತೆ ಬಳಸೋಣವೆಂದು ಉತ್ಸಾಹಿ ಶಿಕ್ಷಕರೋ ವಿದ್ಯಾರ್ಥಿಗಳೋ ಹೊರಡುತ್ತಾರೆ. ಡಿಸ್ಕ್ ತಿರುಗುತ್ತದೆ, ಕೆಲಸ ಅರ್ಧ ದಾರಿ ಸಾಗುತ್ತದೆ, ಆಮೇಲೆ ಡಿಸ್ಕನ್ನು ಓದಲಾಗುತ್ತಿಲ್ಲವೆಂಬ ಸಂದೇಶ ಪರದೆಯ ಮೇಲೆ ಮೂಡಿ ಎಲ್ಲವೂ ನಿಲ್ಲುತ್ತದೆ. ‘ಯಂತ್ರ ಕೆಟ್ಟುಹೋಗಿದೆ’ ಎಂಬ ತೀರ್ಪು ಅಲ್ಲೇ ಹೊರಬೀಳುತ್ತದೆ. ಮುಂದಿನದು ಗುಜರಿ ಅಂಗಡಿಯ ದಾರಿ.

ಈ ತೀರ್ಪು ಅವಸರದ್ದು; ಅದರ ಬೆಲೆ ತೆರುವುದು ಮಣ್ಣು ಮತ್ತು ನೀರು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯವು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾನಿಟರ್ ಸಹಿತ ಒಂದು ಮೇಜಿನ ಗಣಕಯಂತ್ರದ ತಯಾರಿಕೆಗೆ ಸುಮಾರು 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ ಹಾಗೂ 1,500 ಕಿಲೋ ನೀರು ವ್ಯಯವಾಗುತ್ತಿತ್ತು. ಹಳೆಯ ದಪ್ಪ ಮಾನಿಟರಿನ ಗಾಜಿನಲ್ಲೂ ಬೆಸುಗೆಯಲ್ಲೂ ಸೀಸವಿದೆ. ತಾಮ್ರದ ಆಸೆಗೆ ತಂತಿಗಳನ್ನು ಬಯಲಲ್ಲಿ ಸುಟ್ಟರೆ ಹೊಗೆ ಊರಿಗೆ, ಬೂದಿ ಹೊಲಕ್ಕೆ. ಒಮ್ಮೆ ಮಣ್ಣು ಸೇರಿದ ಸೀಸ ಎಲೆಗೊಬ್ಬರದಂತೆ ಕೊಳೆತು ಕರಗುವ ವಸ್ತುವಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇಂಥ ತ್ಯಾಜ್ಯ ನೋಂದಾಯಿತ ಘಟಕಗಳಿಗೇ ಹೋಗಬೇಕೆನ್ನುತ್ತವೆ. ಆದರೆ ಹಳ್ಳಿಯ ತಕ್ಕಡಿಗೆ ನಿಯಮ ಗೊತ್ತಿಲ್ಲ, ತೂಕವಷ್ಟೇ ಗೊತ್ತು.

2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ, 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ನಿಂತಿತು. ಪ್ರತಿ ಬಾರಿಯೂ ಚೆನ್ನಾಗಿರುವ ಯಂತ್ರಗಳು ‘ಹಳತು’ ಎನಿಸಿಕೊಳ್ಳುತ್ತವೆ. ಲಿನಕ್ಸ್‌ನಂಥ ಸ್ವತಂತ್ರ ತಂತ್ರಾಂಶ ಇದಕ್ಕೊಂದು ಉತ್ತರ. ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಅದನ್ನೇ ಬಳಸುತ್ತಿದ್ದು, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಪಾಠ ಕಲಿಯುತ್ತಾರೆ. ಆದರೆ ಯುಎಸ್‌ಬಿಯಿಂದ ಚಾಲೂ ಆಗದ ಹಳೆಯ ಯಂತ್ರಗಳಿಗೆ ಸಿ.ಡಿ. ಅಥವಾ ಡಿವಿಡಿಯೇ ಹೆಬ್ಬಾಗಿಲು. ಆ ಬಾಗಿಲಿನಲ್ಲೇ ಮುಗ್ಗರಿಸುವುದರಿಂದ ಒಳಗಿನ ಮನೆ ಪಾಳುಬೀಳುತ್ತಿದೆ.

ಗಂಗಾವತಿ ಭಾಗದ ಗದ್ದೆಯಲ್ಲಿ ಭತ್ತದ ಎಲೆ ಹಳದಿಯಾದರೆ ಅನುಭವಿ ರೈತ ಕೂಡಲೇ ಯೂರಿಯಾ ಚೀಲ ಬಿಚ್ಚುವುದಿಲ್ಲ. ಸಾರಜನಕದ ಕೊರತೆಯೋ, ಸತುವಿನ ಕೊರತೆಯೋ, ಸವಳೋ, ಬೇರಿನ ರೋಗವೋ ಎಂದು ಒಂದೊಂದಾಗಿ ನೋಡುತ್ತಾನೆ. ಡಿಸ್ಕ್ ದೋಷವೂ ಹೀಗೆಯೇ: ಲಕ್ಷಣ ಒಂದು, ಕಾರಣ ಹಲವು. ಬೀಜದಿಂದ ಆರಂಭಿಸಿ ಕ್ರಮವಾಗಿ ಪರೀಕ್ಷಿಸುವುದೇ ವಿವೇಕ.

ಇಲ್ಲಿ ಬೀಜವೆಂದರೆ ಅಂತರಜಾಲದಿಂದ ಇಳಿಸಿಕೊಂಡ ಕಡತ. ಸಂಪರ್ಕ ನಡುವೆ ಕಡಿದರೆ ಆ ಕಡತ ಅಪೂರ್ಣವಾಗಿರಬಹುದು. ಲಿನಕ್ಸ್ ಹಂಚುವವರು ಪ್ರತಿ ಕಡತದ ಜೊತೆ ‘ಚೆಕ್‌ಸಮ್’ ಎಂಬ ಅಂಕಿ-ಅಕ್ಷರಗಳ ಸಾಲೊಂದನ್ನು ಪ್ರಕಟಿಸುತ್ತಾರೆ. ಇಳಿಸಿಕೊಂಡ ಕಡತದ ಚೆಕ್‌ಸಮ್ ತೆಗೆದು ಎರಡನ್ನೂ ಹೋಲಿಸಬೇಕು. ಒಂದೇ ಅಕ್ಷರ ಬೇರೆಯಾದರೂ ಆ ಕಡತ ಜೊಳ್ಳು. ಅದನ್ನು ಡಿಸ್ಕಿಗೆ ಹಾಕುವುದು ವ್ಯರ್ಥ.

ಎರಡನೆಯದು ಬಿತ್ತನೆ, ಅಂದರೆ ಡಿಸ್ಕ್ ಬರ್ನ್ ಮಾಡುವುದು. ಕಡತವನ್ನು ಹಾಡಿನಂತೆ ಸುಮ್ಮನೆ ನಕಲು ಮಾಡಿದರೆ ಯಂತ್ರ ಅದರಿಂದ ಚಾಲೂ ಆಗದು. ‘ಇಮೇಜ್’ ಆಗಿಯೇ ಬರೆಯಬೇಕು. ಡಿಸ್ಕೂ ಡ್ರೈವೂ ಒಪ್ಪುವ ಕಡಿಮೆ ವೇಗ ಆರಿಸಿಕೊಂಡು, ಬರೆದ ಮೇಲೆ ತಾಳೆ ನೋಡುವ ಆಯ್ಕೆಯನ್ನೂ ಬಳಸಬೇಕು. ಡೆಬಿಯನ್‌ನಂಥ ಹಲವು ಲಿನಕ್ಸ್‌ಗಳ ಅನುಸ್ಥಾಪನಾ ಪಟ್ಟಿಯಲ್ಲೇ ಡಿಸ್ಕಿನ ಪರಿಶೀಲನೆಗೆ ಅವಕಾಶವಿದೆ. ಕೆಲವು ನಿಮಿಷಗಳ ಆ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋದವರು ಇಡೀ ಮಧ್ಯಾಹ್ನ ಕಳೆದುಕೊಳ್ಳುತ್ತಾರೆ.

ಮೂರನೆಯದು ಡಿಸ್ಕ್. ಸಿ.ಡಿ.ಯ ಹೊಳೆಯುವ ಬದಿಯಲ್ಲಿ ಸುಮಾರು 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ರಕ್ಷಣೆಯಿದೆ. ಹೆಸರು ಬರೆಯುವ ಬದಿಯಲ್ಲಿ ಇರುವುದು ತೆಳು ಲೇಪ ಮಾತ್ರ. ಆದ್ದರಿಂದ ಮೇಲ್ಬದಿಯ ಗೀರೇ ಹೆಚ್ಚು ಅಪಾಯಕಾರಿ. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಬೇಕು, ಗುಂಡಗೆ ತಿಕ್ಕಬಾರದು. ಬರೆಯಬಲ್ಲ ಡಿಸ್ಕಿನ ಬಣ್ಣದ ಪದರ ಬಿಸಿಲಿಗೆ ಕೆಡುತ್ತದೆ. ಕೊಪ್ಪಳದ ಬೇಸಿಗೆಯಲ್ಲಿ ಕಿಟಕಿಯ ಪಕ್ಕ ಬಿಟ್ಟ ಡಿಸ್ಕನ್ನು ನಂಬಲಾಗದು. ಮಲೆನಾಡಿನಲ್ಲಿ ಧೂಳಿನ ಜಾಗದಲ್ಲಿ ಮಳೆಗಾಲದ ಬೂಷ್ಟು ಇದೇ ಕೆಲಸ ಮಾಡುತ್ತದೆ. ಸಿ.ಡಿ. ಡ್ರೈವ್ ಡಿವಿಡಿಯನ್ನು ಓದದೆಂಬುದನ್ನೂ, ಮತ್ತೆ ಮತ್ತೆ ಬರೆಯಬಲ್ಲ ಡಿಸ್ಕುಗಳು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಡ್ರೈವುಗಳಿಗೆ ಕಾಣದೆ ಹೋಗಬಹುದೆಂಬುದನ್ನೂ ಮರೆಯಬಾರದು.

ನಾಲ್ಕನೆಯದು ಡ್ರೈವ್. ಕೃಷಿ ಪ್ರಯೋಗದ ತಾಕುಗಳಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುವ ನಿಯಮ ಇಲ್ಲಿಯೂ ಸಲ್ಲುತ್ತದೆ. ಅದೇ ಡಿಸ್ಕನ್ನು ಬೇರೆ ಯಂತ್ರ ಓದಿದರೆ ಸಂಶಯ ಈ ಡ್ರೈವಿನ ಮೇಲೆ. ಎಲ್ಲಿಯೂ ಓದದಿದ್ದರೆ ಡಿಸ್ಕಿನ ಮೇಲೆ. ಡ್ರೈವಿನ ಮಸೂರಕ್ಕೆ ಧೂಳು ಕೂತಿರಬಹುದು, ಒಳಗಿನ ಚಪ್ಪಟೆ ಕೇಬಲ್ ಸಡಿಲಗೊಂಡಿರಬಹುದು. ವಿದ್ಯುತ್ ಸಂಪರ್ಕವನ್ನು ಪೂರ್ತಿ ತೆಗೆದು ಕೇಬಲನ್ನು ಬಿಚ್ಚಿ ಮತ್ತೆ ಒತ್ತಿ ಕೂರಿಸುವಷ್ಟಕ್ಕೇ ಸರಿಹೋಗುವ ಯಂತ್ರಗಳೂ ಉಂಟು.

ಐದನೆಯದಾಗಿ, ಸಂದೇಶವನ್ನು ಓದಬೇಕು. ಅದರಲ್ಲಿ ‘ಎಸ್ಆರ್0’ ಎಂದಿದ್ದರೆ ದೂರು ಸಿ.ಡಿ. ಡ್ರೈವಿನದು, ‘ಎಸ್‌ಡಿಎ’ ಎಂದಿದ್ದರೆ ಸಾಮಾನ್ಯವಾಗಿ ಹಾರ್ಡ್ ಡಿಸ್ಕಿನದು. ಹಾರ್ಡ್ ಡಿಸ್ಕ್ ಸಾಯುತ್ತಿರುವಾಗ ಹೊಸ ಹೊಸ ಸಿ.ಡಿ. ಬರ್ನ್ ಮಾಡುತ್ತ ಕೂರುವುದು ಬಾವಿ ಬತ್ತಿರುವಾಗ ಹಗ್ಗ ಬದಲಿಸಿದಂತೆ. ದೋಷ ಪ್ರತಿ ಬಾರಿ ಒಂದೇ ಕಡೆ ಕಾಣಿಸಿದರೆ ಡಿಸ್ಕನ್ನೂ, ಒಂದೊಂದು ಬಾರಿ ಒಂದೊಂದು ಕಡೆ ಕಾಣಿಸಿದರೆ ಯಂತ್ರದ ಮೆಮೊರಿಯನ್ನೂ ಮೊದಲು ಶಂಕಿಸಬೇಕು. ‘ಮೆಮ್‌ಟೆಸ್ಟ್’ ಎಂಬ ಉಚಿತ ತಂತ್ರಾಂಶ ಒಂದು ರಾತ್ರಿಯಲ್ಲಿ ಮೆಮೊರಿಯ ಗುಟ್ಟನ್ನು ಹೊರಹಾಕುತ್ತದೆ.

ಡ್ರೈವ್ ನಿಜವಾಗಿಯೂ ಸತ್ತಿದ್ದರೂ ದಾರಿ ಮುಚ್ಚಿಲ್ಲ. ಇನ್ನೊಂದು ಯಂತ್ರದ ಡ್ರೈವನ್ನು ಎರವಲು ಪಡೆಯಬಹುದು. ಇಲ್ಲವೇ ಹಾರ್ಡ್ ಡಿಸ್ಕನ್ನು ಬಿಚ್ಚಿ ಸುಸ್ಥಿತಿಯ ಯಂತ್ರಕ್ಕೆ ಜೋಡಿಸಿ, ಅಲ್ಲಿ ಲಿನಕ್ಸ್ ಹಾಕಿ, ಮರಳಿ ತಂದು ಕೂರಿಸಬಹುದು. ಹೊಸ ಪರಿಸರವನ್ನು ಲಿನಕ್ಸ್ ಸಾಮಾನ್ಯವಾಗಿ ತಾನೇ ಗುರುತಿಸಿಕೊಳ್ಳುತ್ತದೆ. ಹಾಗೆ ಮಾಡುವಾಗ ಆ ಯಂತ್ರದ ಸ್ವಂತ ಡಿಸ್ಕನ್ನು ಕಳಚಿಡುವುದು ಕಡ್ಡಾಯ. ಹಳೆಯ ಯಂತ್ರಕ್ಕೆ ತಕ್ಕ ಆವೃತ್ತಿಯನ್ನೇ ಆರಿಸಿಕೊಳ್ಳಬೇಕು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13, 32-ಬಿಟ್ ಪಿಸಿಗಳಿಗೆ ಅನುಸ್ಥಾಪನಾ ಡಿಸ್ಕ್ ಕೊಡುವುದನ್ನು ನಿಲ್ಲಿಸಿತು. ಅಂಥ ಯಂತ್ರಗಳಿಗೆ ಡೆಬಿಯನ್ 12 ಅಥವಾ ಅದನ್ನು ಆಧರಿಸಿದ ಆಂಟಿಎಕ್ಸ್ 23 ಹೊಂದುತ್ತವೆ.

ಹಾಗೆಂದು ಎಲ್ಲ ಹಳೆಯ ಯಂತ್ರಗಳನ್ನೂ ಉಳಿಸಲೇಬೇಕೆಂಬ ಹಟ ಸಲ್ಲದು. ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿ ಒಡೆದಿದ್ದರೆ ಆ ಯಂತ್ರದ ಆಯಸ್ಸು ಮುಗಿಯುತ್ತ ಬಂದಿದೆ. ದಪ್ಪ ಮಾನಿಟರಿನ ಹಳೆಯ ಯಂತ್ರವೊಂದು ಇಂದಿನ ಲ್ಯಾಪ್‌ಟಾಪಿಗಿಂತ ಹಲವು ಪಟ್ಟು ವಿದ್ಯುತ್ ತಿನ್ನುತ್ತದೆ. ದಿನವಿಡೀ ಉರಿಸಿದರೆ ಪರಿಸರದ ಲೆಕ್ಕವೂ ತಿರುಗಿಬೀಳುತ್ತದೆ. ವಾರಕ್ಕೆ ಕೆಲವು ಗಂಟೆ ಟೈಪಿಂಗ್, ಗಣಿತ, ಚಿತ್ರರಚನೆಗೆ ಅದು ಸಾಕು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಪರೀಕ್ಷೆಯ ನಂತರದ ತೀರ್ಮಾನವಾಗಬೇಕು. ಪರೀಕ್ಷೆಯೇ ಇಲ್ಲದ ತೀರ್ಮಾನ ನಿರ್ಲಕ್ಷ್ಯವೆನಿಸುತ್ತದೆ.

ಆದ್ದರಿಂದ ಯಾವ ಶಾಲೆಯೂ ಕಚೇರಿಯೂ ಈ ಐದು ಹಂತಗಳ ಪರೀಕ್ಷೆಯ ದಾಖಲೆಯಿಲ್ಲದೆ ಯಂತ್ರವನ್ನು ಹರಾಜಿಗಿಡಬಾರದು. ನಾಲ್ಕೂ ಊರುಗಳಲ್ಲಿ ಒಂದೊಂದು ಪೆಟ್ಟಿಗೆ ಇದ್ದರೆ ಸಾಕು: ತಾಳೆ ನೋಡಿದ ಕೆಲವು ಡಿಸ್ಕುಗಳು, ಚೆನ್ನಾಗಿ ಓದುವ ಒಂದು ಡ್ರೈವ್, ಎರಡು ಬಗೆಯ ಕೇಬಲುಗಳು, ಒಂದು ಸ್ಕ್ರೂಡ್ರೈವರ್, ಜೊತೆಗೆ ಕಂಡ ದೋಷ-ಪರಿಹಾರಗಳನ್ನು ಕನ್ನಡದಲ್ಲಿ ಬರೆದಿಡುವ ಒಂದು ನೋಟುಪುಸ್ತಕ. ಈ ಪೆಟ್ಟಿಗೆ ಶಾಲೆಯಿಂದ ಶಾಲೆಗೆ ಸುತ್ತಲಿ. ಕೂರಿಗೆ ಮುರಿದರೆ ಬಡಿಗನ ಮನೆಗೆ ಒಯ್ಯುವ ರೈತರ ಮಕ್ಕಳಿಗೆ ರಿಪೇರಿ ಹೊಸ ವಿದ್ಯೆಯಲ್ಲ. ಗಣಕಯಂತ್ರದ ವಿಷಯದಲ್ಲಿ ಅದನ್ನು ಮತ್ತೆ ನೆನಪಿಸಬೇಕಾಗಿದೆ, ಅಷ್ಟೇ.