ಕರೆದಾಗ ಬರುವವನ ಋಣ

ಸೈನ್ಯವೆಂದೊಡನೆ ನಮ್ಮ ಪೇಟೆಯ ವಿದ್ಯಾವಂತರ ಕಣ್ಣಮುಂದೆ ನಿಲ್ಲುವುದು ಜನವರಿ 26ರ ಮೆರವಣಿಗೆ: ಒಂದೇ ಹೆಜ್ಜೆ, ಒಂದೇ ಉಡುಪು, ಮಿರುಗುವ ಗುಂಡಿಗಳು. ಆ ಮೆರವಣಿಗೆಯಲ್ಲಿ ಕಾಣದ ಇನ್ನೊಬ್ಬ ಸಿಪಾಯಿ ಇದ್ದಾನೆ. ಶಾಂತಿಯ ದಿನಗಳಲ್ಲಿ ಅವನ ಕೈಯಲ್ಲಿ ನೇಗಿಲೋ ತಕ್ಕಡಿಯೋ ಲೇಖಣಿಯೋ ಇರುತ್ತದೆ. ಕರೆ ಬಂದ ದಿನ ಅದನ್ನು ಕೆಳಗಿಟ್ಟು ಕೋವಿ ಹಿಡಿಯುತ್ತಾನೆ. ಅವನೇ ಮೀಸಲು ಸಿಪಾಯಿ. ಅವನ ಮಾತೆತ್ತಿದರೆ ಜಾಣರು ನಕ್ಕು, ‘ಯುದ್ಧಕಾಲೇ ಶಸ್ತ್ರಾಭ್ಯಾಸಃ’ ಎಂದುಬಿಡುತ್ತಾರೆ. ಸಂಬಳದ ಸಿಪಾಯಿಯೇ ಸಿಪಾಯಿ, ಉಳಿದದ್ದೆಲ್ಲ ಸಂತೆಯ ಗುಂಪು ಎಂಬುದು ಅವರ ಸಿದ್ಧಾಂತ.

ಈ ಸಿದ್ಧಾಂತ ಸುಳ್ಳು. ಚರಿತ್ರೆಯಲ್ಲಿ ಮೀಸಲು ಪಡೆ ಕೈಕೊಟ್ಟ ಕಡೆಯಲ್ಲೆಲ್ಲ ಮೊದಲು ಕೈಕೊಟ್ಟವನು ಅದನ್ನು ಕರೆದ ದೊರೆ. ನಂಬದೆ ಕರೆದ, ಕಲಿಸದೆ ಕರೆದ, ಕೆಲಸ ಮುಗಿದ ಮೇಲೆ ಮರೆತ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ನೀತಿಯವರಿಗೆ ಎರಡನೆಯ ಹೊಳೆಯಲ್ಲಿ ದೋಣಿ ಸಿಕ್ಕುವುದಿಲ್ಲ.

ದೂರ ಹೋಗುವುದು ಬೇಡ; ನಮ್ಮ ಕೋಗಳಿ ನಾಡನ್ನೇ ನೋಡೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳಾಗಿ ಹಂಚಿಹೋಗಿರುವ ಈ ಸೀಮೆ ಶಾಸನಗಳಲ್ಲಿ ಕೋಗಳಿ-500 ಎಂದು ಹೆಸರಾದದ್ದು. ಕನ್ನಡ ನಾಡಿನ ಉಳಿದ ಕಡೆಯಂತೆ ಇಲ್ಲಿಯೂ ಊರ ಹೊರಗೆ ವೀರಗಲ್ಲುಗಳು ನಿಂತಿವೆ. ಇಂಥ ಕಲ್ಲುಗಳ ಮೇಲಿನ ವೀರರೆಲ್ಲ ಅರಮನೆಯ ಸಂಬಳದ ಭಟರೆಂದು ತಿಳಿಯಬಾರದು. ತುರುಗಳನ್ನು ಹೊಡೆದುಕೊಂಡು ಹೋದ ಕಳ್ಳರ ಬೆನ್ನುಹತ್ತಿ ಬಿದ್ದ ಒಕ್ಕಲಿಗ, ಊರಳಿವಿನಲ್ಲಿ ಅಗಸೆಬಾಗಿಲಿಗೆ ಅಡ್ಡ ನಿಂತು ಸತ್ತ ತಳವಾರ, ಇಂಥವರೂ ಅಲ್ಲಿದ್ದಾರೆ. ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಡುವ ಪದ್ಧತಿ ಆ ಕಾಲದಲ್ಲಿತ್ತು. ಬೆಂಗಳೂರಿನ ಬಳಿಯ ಬೇಗೂರಿನ ಪ್ರಸಿದ್ಧ ವೀರಗಲ್ಲಿನಲ್ಲಿ, ನೊಳಂಬರೊಡನೆ ಕಾದಿ ಮಡಿದ ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ, ಗಂಗರ ಎರೆಯಪ್ಪನು ಬೆಂಪೂರು-12ನ್ನು ಕಲ್ನಾಡಾಗಿ ಕೊಟ್ಟ ಸಂಗತಿ ಕೆತ್ತಿದೆ. ಸಾಲ ಮಾಡಿದವನು ಸಾಲಪತ್ರವನ್ನು ಕಲ್ಲಿನಲ್ಲಿ ಬರೆಸಿಕೊಟ್ಟ ಹಾಗೆ! ಕರೆದಾಗ ಬಂದವನಿಗೆ ರಾಜ್ಯ ಋಣಿ ಎಂಬ ಮಾತನ್ನು ಆಗಿನವರು ಸಭೆಯಲ್ಲಿ ಭಾಷಣ ಮಾಡಿ ಹೇಳಲಿಲ್ಲ, ಭೂಮಿ ಕೊಟ್ಟು ಹೇಳಿದರು.

ಪಾಳೆಯಗಾರರ ಕಾಲಕ್ಕೂ ಈ ಕಟ್ಟು ಉಳಿದುಬಂತು. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ನಾಯಕರ ಬಲ ಅವರ ಕೋಟೆಯ ಕಲ್ಲಿನಲ್ಲಿ ಎಷ್ಟಿತ್ತೋ ಅಷ್ಟೇ ಹೊಲದಲ್ಲಿ ಉಳುತ್ತಿದ್ದ ಆಳುಗಳಲ್ಲಿತ್ತು. ಹಗುರವಾದ ಕಟ್ಟುಗುತ್ತಿಗೆಗೆ ಭೂಮಿ ಉಂಡು, ಡಂಗುರ ಕೇಳಿದಾಗ ಈಟಿ ಬಂದೂಕು ಹಿಡಿದು ಬರಬೇಕಾದ ಈ ಆಳಿಗೆ ಕಟ್ಟುಬಡಿ ಎಂದು ಹೆಸರು. ಇವರು ದಾರಿಹೋಕರನ್ನು ಸುಲಿಯಲಿಲ್ಲವೇ, ನೆರೆಯ ಸೀಮೆಯನ್ನು ಕೊಳ್ಳೆ ಹೊಡೆಯಲಿಲ್ಲವೇ ಎಂದರೆ, ಹೊಡೆದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ಕಾಲದ ದೊಡ್ಡ ದೊಡ್ಡ ಸರಕಾರಿ ಸೈನ್ಯಗಳು ದಾರಿಯುದ್ದಕ್ಕೂ ಹೂವು ಚೆಲ್ಲುತ್ತ ಹೋದವೇ? ಸುಲಿಗೆ ಆ ಕಾಲದ ದೋಷ. ಭೂಮಿಗೂ ಕತ್ತಿಗೂ ಹಾಕಿದ್ದ ಗಂಟು ಆ ವ್ಯವಸ್ಥೆಯ ಗುಣ.

ಈ ಗಂಟನ್ನು ಬಿಚ್ಚಿದವರು ಏನು ಮಾಡಿದರೆಂಬುದನ್ನು ನೋಡಬೇಕು. 1779ರಲ್ಲಿ ನೆರೆಯ ಚಿತ್ರದುರ್ಗವನ್ನು ಗೆದ್ದ ಹೈದರನು ಸಹಸ್ರಾರು ಬೇಡರನ್ನು ಬುಡಸಹಿತ ಕಿತ್ತು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಹುಡುಗರಿಂದ ಚೇಲಾ ಪಟಾಲಂಗಳನ್ನು ಕಟ್ಟಿದನು. ಮನೆಯನ್ನು ಕಾಯುತ್ತಿದ್ದ ಕುಲದ ಮಕ್ಕಳು ಮನೆಯೇ ಇಲ್ಲದ ಸಿಪಾಯಿಗಳಾದರು. 1800ರಲ್ಲಿ ನಿಜಾಮನಿಂದ ಈ ಸೀಮೆ ಕುಂಪಣಿಯ ವಶವಾಯಿತು. ದತ್ತಮಂಡಲಗಳಲ್ಲಿ ಆಗ 80 ಮಂದಿ ಪಾಳೆಯಗಾರರೂ ಅವರ ಕೈಕೆಳಗೆ ಸುಮಾರು 30,000 ಆಯುಧಪಾಣಿಗಳೂ ಇದ್ದರೆಂದು ಲೆಕ್ಕ. ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋವಿನ ಬುದ್ಧಿಯೂ ಜನರಲ್ ಕ್ಯಾಂಬೆಲನ ದಂಡೂ ಸೇರಿ ಅವರನ್ನು ಅಡಗಿಸಿದವು. ಮನ್ರೋ ನ್ಯಾಯವಂತನೆಂದು ಈ ಸೀಮೆಯ ಜನ ಇಂದಿಗೂ ಹೊಗಳುತ್ತಾರೆ, ಹೊಗಳಲಿ. ಆದರೆ ಆಳುವವನಿಗೆ ಬೇಕಾದದ್ದು ಕಂದಾಯ ಕಟ್ಟುವ ರೈತನೇ ಹೊರತು ಕತ್ತಿ ಹಿಡಿಯುವ ರೈತನಲ್ಲ ಎಂಬುದು ಅಂದಿನಿಂದ ರಾಜನೀತಿಯಾಯಿತು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನನ್ನು ಮುಧೋಳದ ಬಳಿಯ ಹಲಗಲಿಯ ಬೇಡರು ಧಿಕ್ಕರಿಸಿದಾಗ ಊರಿಗೇ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು.

ಇದಕ್ಕೆ ಬೇರೆ ದಾರಿಯಿರಲಿಲ್ಲವೇ? ಇತ್ತು. ಅದೇ ವರ್ಷಗಳಲ್ಲಿ ಪಕ್ಕದ ಮೈಸೂರಿನಲ್ಲಿ ದಿವಾನ್ ಪೂರ್ಣಯ್ಯನವರು ಕಂದಾಚಾರದ ಆಳುಗಳನ್ನು ಸುಮಾರು 20,000ದಷ್ಟು ಉಳಿಸಿಕೊಂಡರು. ಅಲ್ಪ ಸಂಬಳ, ಜೊತೆಗೆ ಭೂಮಿಯ ಸವಲತ್ತು. ಶಾಂತಿಯಲ್ಲಿ ಊರ ಕಾವಲು, ಅವಸರದಲ್ಲಿ ದಂಡಿನ ಕೆಲಸ. ಟಿಪ್ಪುವಿನ ಪತನವಾದ ಮೇಲೆ ಕೆಲಸವಿಲ್ಲದೆ ನಿಂತ ಸಿಪಾಯಿಯನ್ನು ಬೀದಿಗೆ ಬಿಟ್ಟರೆ ಅವನು ದರೋಡೆಗಾರನಾಗುತ್ತಾನೆ, ಹೊಲಕ್ಕೆ ಕಟ್ಟಿದರೆ ಕಾವಲುಗಾರನಾಗುತ್ತಾನೆ ಎಂಬುದನ್ನು ಆ ಮುತ್ಸದ್ದಿ ಅರಿತಿದ್ದರು.

‘ಇದೆಲ್ಲ ಈಟಿ ಕವಣೆಗಳ ಕಾಲದ ಮಾತು, ರೈಲು ಫಿರಂಗಿಗಳ ಯುದ್ಧಕ್ಕೆ ಹೊಂದದು’ ಎಂದು ಜಾಣರು ಹೇಳಬಹುದು. ಹಾಗಾದರೆ ಯೂರೋಪಿನಲ್ಲೇ ಮಿಲಿಟರಿ ವಿದ್ಯೆಗೆ ಹೆಸರಾದ ಫ್ರಾನ್ಸನ್ನು ಕೇಳೋಣ. ಅಲ್ಲಿ ನೆಪೋಲಿಯನ್ ಎಂಬ ಹೆಸರಿಟ್ಟುಕೊಂಡ ಮೂರನೆಯ ಚಕ್ರವರ್ತಿಯ ಕಾಲದಲ್ಲಿ, 1868ರಲ್ಲಿ, ಗಾರ್ದ್ ಮೊಬೀಲ್ ಎಂಬ ಮೀಸಲು ಪಡೆಯನ್ನು ಕಾನೂನು ಮಾಡಿ ಕಟ್ಟಿದರು. ಆದರೆ ಜನರ ಕೈಗೆ ಕೋವಿ ಕೊಡಲು ಆಳುವವರಿಗೆ ಭಯ, ಹಣ ಕೊಡಲು ಶಾಸನಸಭೆಗೆ ಸಂಕಟ. ಆದ್ದರಿಂದ ವರ್ಷಕ್ಕೆ 15 ದಿನಗಳಿಗಿಂತ ಹೆಚ್ಚು ಕವಾಯತು ಕೂಡದು, ಹೋದವನು ಅದೇ ದಿನ ಮನೆಗೆ ತಿರುಗಬೇಕು ಎಂದು ಕಟ್ಟಳೆಯಾಯಿತು! 1870ರ ಜುಲೈ 19ರಂದು ಪ್ರಷ್ಯದ ಮೇಲೆ ಯುದ್ಧ ಸಾರಿದರು. ಸೈನ್ಯದ ಮೀಸಲು ಸಿಪಾಯಿ ಮೊದಲು ತನ್ನ ಪಟಾಲಮಿನ ಡಿಪೋಕ್ಕೆ ಹೋಗಬೇಕು, ಉಡುಪು ಬಂದೂಕು ಪಡೆಯಬೇಕು, ಅನಂತರ ಗಡಿಯಲ್ಲಿದ್ದ ಪಟಾಲಮನ್ನು ಹುಡುಕಿಕೊಂಡು ಹೋಗಬೇಕು. ಜುವಾವ್ ಪಟಾಲಮಿಗೆ ಸೇರಿದವನು ಉತ್ತರ ಫ್ರಾನ್ಸಿನಿಂದ ಸಮುದ್ರ ದಾಟಿ ಆಲ್ಜೀರಿಯಕ್ಕೆ ಹೋಗಿ, ಪುನಃ ಸಮುದ್ರ ದಾಟಿ ಆಲ್ಸೇಸಿನ ರಣರಂಗಕ್ಕೆ ಬರಬೇಕಾಯಿತು. ಕೊಟ್ಟೂರಿನವನು ಹರಪನಹಳ್ಳಿಯಲ್ಲಿ ಕಾದಲು ಕಾಶಿಗೆ ಹೋಗಿ ಬರುವ ಹಾಗೆ! ಸೆಪ್ಟೆಂಬರ್ 2ರಂದು ಸೆಡಾನಿನಲ್ಲಿ ಚಕ್ರವರ್ತಿಯೇ ಸೆರೆಯಾದನು.

ಸೋಲು ಒಳ್ಳೆಯ ಮೇಷ್ಟ್ರು. 1914ಕ್ಕೆ ಫ್ರಾನ್ಸು ಪಾಠವನ್ನು ಅರ್ಧ ಕಲಿತಿತ್ತು. ಗಂಡಸಾದವನಿಗೆ 28 ವರ್ಷಗಳ ಬಾಧ್ಯತೆ: 3 ವರ್ಷ ಸೈನ್ಯದಲ್ಲಿ, 11 ಮೀಸಲಿನಲ್ಲಿ, ಉಳಿದದ್ದು ಪ್ರಾದೇಶಿಕ ಪಡೆಯಲ್ಲಿ. ಯಾವ ದಿನ, ಎಲ್ಲಿಗೆ ಹಾಜರಾಗಬೇಕೆಂಬ ಚೀಟಿ ಅವನ ಪುಸ್ತಕದಲ್ಲೇ ಇತ್ತು. ಒಂದೊಂದು ರೆಜಿಮೆಂಟಿಗೂ ಅದೇ ಊರಿನಲ್ಲಿ ಒಂದು ಮೀಸಲು ತಮ್ಮ. ಅಣ್ಣನ ಸಂಖ್ಯೆಗೆ 200 ಕೂಡಿಸಿದರೆ ತಮ್ಮನ ಸಂಖ್ಯೆ. ಆಗಸ್ಟ್ 1ರ ಸಂಜೆ ಇಗರ್ಜಿಗಳ ಗಂಟೆ ಮೊಳಗಿತು. ನೂರಕ್ಕೆ 13 ಮಂದಿ ಬಾರದೆ ಉಳಿದಾರು ಎಂದು ಅಧಿಕಾರಿಗಳು ಅಂಜಿದ್ದರು. ಉಳಿದವರು ನೂರಕ್ಕೆ ಇಬ್ಬರೂ ಇಲ್ಲ. ಸುಗ್ಗಿಯ ನಡುವೆ ಕುಡುಗೋಲು ಕೆಳಗಿಟ್ಟು ಹೋದವನ ಬಡ ಸಂಸಾರಕ್ಕೆ ಆಗಸ್ಟ್ 5ರ ಕಾನೂನಿನಂತೆ ದಿನಕ್ಕೆ 1.25 ಫ್ರಾಂಕು, ಮಗುವೊಂದಕ್ಕೆ ಅರ್ಧ ಫ್ರಾಂಕು ಗೊತ್ತಾಯಿತು. ನಮ್ಮ ನೆತ್ತರುಗೊಡಗೆಯ ಮರಿಮಗಳು ಈ ಕಾನೂನು.

ಕಲಿಯದೆ ಉಳಿದ ಅರ್ಧ ಪಾಠವೆಂದರೆ ನಂಬಿಕೆ. 1911ರಲ್ಲಿ ಜನರಲ್ ಮಿಷೆಲ್ ಎಂಬಾತ ಮೀಸಲು ರೆಜಿಮೆಂಟುಗಳನ್ನು ಮೊದಲ ಸಾಲಿನಲ್ಲೇ ಅಣ್ಣಂದಿರ ಜೊತೆಗೆ ನಿಲ್ಲಿಸೋಣ, ಬೆಲ್ಜಿಯಂ ಕಡೆಗೂ ಸಾಲನ್ನು ಚಾಚೋಣ ಎಂದು ಸೂಚಿಸಿದನು. ಉಳಿದ ಜನರಲ್ಲುಗಳು ನಕ್ಕರು. ಮಿಷೆಲ್ ಪದವಿಯಿಂದಿಳಿದನು, ಝೋಫ್ರ್ ಬಂದನು. ಜರ್ಮನರು ತಮ್ಮ ಮೀಸಲು ಪಡೆಗಳನ್ನು ಮುಂದಿನ ಸಾಲಿಗೆ ತಂದು ಬೆಲ್ಜಿಯಂ ಮೂಲಕವೇ ನುಗ್ಗಿದಾಗ ನಗು ಬಾಡಿತು. ಕೊನೆಗೆ ಪ್ಯಾರಿಸಿನ ಬಾಗಿಲಲ್ಲಿ, ಊರ್ಕ್ ನದಿಯ ಕಡೆ, ಜನರಲ್ ಮೋನೂರಿಯ ಸೇನೆಯಲ್ಲಿ ಶತ್ರುವಿಗೆ ಎದೆಗೊಟ್ಟವರಲ್ಲಿ ಬಹುಮಂದಿ ಯಾರು? ಅದೇ ತಾತ್ಸಾರದ ಮೀಸಲು ಸಿಪಾಯಿಗಳು. ಕವಿ ಶಾರ್ಲ್ ಪೆಗೀ 41 ವರ್ಷದ ಮೀಸಲು ಲೆಫ್ಟಿನೆಂಟ್. ಅವನ ರೆಜಿಮೆಂಟು 276, ಅಂದರೆ 76ರ ತಮ್ಮ. ಸೆಪ್ಟೆಂಬರ್ 5ರಂದು ವಿಲ್‌ರುವಾ ಬಳಿ ಗುಂಡಿಗೆ ಬಲಿಯಾದನು. ಅದೇ ತಿಂಗಳು 22ರಂದು ಕಾದಂಬರಿಕಾರ ಆಲೇನ್-ಫೂರ್ನಿಯೇ ವರ್ಡನ್ ಕಡೆಯಲ್ಲಿ ಬಿದ್ದನು. ಅವನದೂ ಮೀಸಲು ರೆಜಿಮೆಂಟೇ. ಇವರನ್ನು ಸಂತೆಯ ಗುಂಪೆನ್ನುವ ಧೈರ್ಯ ಯಾರಿಗಿದೆ?

1940ರ ಸೆಡಾನ್ ಏನಾಯಿತು, ಅಲ್ಲಿ ಓಡಿದ್ದು ಮೀಸಲು ಡಿವಿಜನ್ನಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಮೇ 13ರಂದು 55ನೆಯ ಡಿವಿಜನ್ನು ಕುಸಿಯಿತು. ಆದರೆ ಯುದ್ಧದ ಮೊದಲ ಚಳಿಗಾಲವೆಲ್ಲ ಆ ನಡುವಯಸ್ಸಿನ ಜನರಿಂದ ಕವಾಯತಿಗಿಂತ ಹೆಚ್ಚಾಗಿ ಗೋಡೆ ಕಟ್ಟುವ ಕೆಲಸ ತೆಗೆದರು. ಖಾಯಂ ಅಧಿಕಾರಿಗಳನ್ನು ಬೆರಳೆಣಿಕೆಯಷ್ಟು ಕೊಟ್ಟರು. ಗಾರೆ ಕೆಲಸ ಕಲಿಸಿ ರಣವಿದ್ಯೆ ಕೇಳಿದರೆ ದೋಷ ಯಾರದು?

ಈಗ ಮನೆಗೆ ಬರೋಣ. 2022ರ ಜೂನ್ 14ರಂದು ಭಾರತ ಸರಕಾರ ಅಗ್ನಿಪಥ ಯೋಜನೆಯನ್ನು ಪ್ರಕಟಿಸಿತು. ಹದಿನೇಳೂವರೆ ವರ್ಷ ತುಂಬಿದ ಹುಡುಗನನ್ನು ತೆಗೆದುಕೊಂಡು 4 ವರ್ಷ ದುಡಿಸಿ, ನೂರಕ್ಕೆ ಹೆಚ್ಚೆಂದರೆ 25 ಮಂದಿಯನ್ನು ಉಳಿಸಿಕೊಂಡು, ಮಿಕ್ಕವರನ್ನು ಸುಮಾರು 11.71 ಲಕ್ಷ ರೂಪಾಯಿಯೊಡನೆ ಮನೆಗೆ ಕಳಿಸುವುದೆಂದು ಅದರಲ್ಲಿ ಗೊತ್ತಾಯಿತು. ಆ ಗಂಟಿನಲ್ಲೂ ಅರ್ಧದಷ್ಟು ಅವನ ಸಂಬಳದಲ್ಲೇ ಮುರಿದದ್ದು. ಪಿಂಚಣಿ ಇಲ್ಲ. ಅರೆಸೇನಾ ಪಡೆಗಳಲ್ಲಿ ಶೇಕಡ 10 ಮೀಸಲಾತಿ ಎಂದರು. ಮೀಸಲಾತಿ ಕೊಟ್ಟರು ಸರಿ, ಮೀಸಲು ಪಡೆ ಎಲ್ಲಿ? ಸರಕಾರದ ಖರ್ಚಿನಲ್ಲಿ ಕೋವಿ ಕಲಿತ ಮುಕ್ಕಾಲು ಪಾಲು ತರುಣರನ್ನು ಮುಂದೆ ಪಟ್ಟಿಯಲ್ಲಿರಿಸಿಕೊಂಡು ಆಗಾಗ ಕರೆದು ಕಲಿಸುವ ಕಟ್ಟು ಆ ಪ್ರಕಟಣೆಯಲ್ಲಿರಲಿಲ್ಲ. 1949ರಿಂದ ನಮಗೊಂದು ಟೆರಿಟೋರಿಯಲ್ ಆರ್ಮಿ ಇದೆಯೆಂಬುದು ನಿಜ. ಆದರೆ ಬೇರೆ ಜೀವನೋಪಾಯವಿದ್ದವರಿಗಾಗಿ ಇಟ್ಟ ಆ ಪುಟ್ಟ ಪಡೆ ಇಷ್ಟು ಮಂದಿಯ ಭಾರವನ್ನು ಹೊರಲಾರದು.

ನಾವು ಕೇಳುವುದು ಹೆಚ್ಚಿನದೇನೂ ಅಲ್ಲ. ಹಡಗಲಿಯ ಹುಡುಗ ಮನೆಗೆ ಬಂದರೆ ಅವನ ಹೆಸರು ಹತ್ತಿರದಲ್ಲೇ ಒಂದು ಪಟಾಲಮಿನ ದಫ್ತರದಲ್ಲಿರಲಿ. ವರ್ಷಕ್ಕೆ ಕೆಲವು ವಾರ ಅವನನ್ನು ಕರೆಯಿರಿ. ಕರೆದಷ್ಟು ದಿನ ಅವನ ಕೆಲಸ ಹೋಗದಂತೆ ಕಾನೂನು ಮಾಡಿರಿ. ಅವನು ಗಡಿಗೆ ಹೋದರೆ ಹೆಂಡತಿ ಮಕ್ಕಳಿಗೆ ಏನು ಸಲ್ಲುತ್ತದೆಂಬುದನ್ನು ಹೋಗುವ ಮುಂಚೆಯೇ ಬರೆದುಕೊಡಿರಿ. ಇದಕ್ಕೆ ಹಣವೆಲ್ಲಿ ಎನ್ನುವ ಪೇಟೆಯ ಜಾಣರು ಒಂದು ಲೆಕ್ಕ ಹಾಕಿಕೊಳ್ಳಲಿ. ಕಲಿಸಿ ಕೈಬಿಟ್ಟ ಸಿಪಾಯಿಗೆ ಸುರಿದ ಹಣ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ. ಅದೇ ಹಣಕ್ಕೆ ಇನ್ನಷ್ಟು ಸೇರಿಸಿ ಅವನನ್ನು ಕಟ್ಟಿಕೊಂಡರೆ, ಕರೆ ಬಂದ ದಿನ ಅವನು ಬರುತ್ತಾನೆ. ಬರುವವನು ಯಾವಾಗಲೂ ಬಂದಿದ್ದಾನೆ. ಬಾಕಿ ಉಳಿಸಿಕೊಂಡವರು ಕರೆದವರೇ.